ಕೈಗೆ ಸಿಕ್ಕಿದ್ದು ಮನಸ್ಸಿಗೂ ಸಿಕ್ಕೀತು

ಸಂಜೆ ಏಳು ಗಂಟೆ. ಅಡುಗೆಮನೆಯಿಂದ ಒಗ್ಗರಣೆಯ ಘಮ. ನಡುಮನೆಯ ಚಾಪೆಯ ಮೇಲೆ ಒಂದನೇ ತರಗತಿಯ ಹುಡುಗಿ ಲೆಕ್ಕದ ಪುಸ್ತಕ ಹರಡಿಕೊಂಡು ಕುಳಿತಿದ್ದಾಳೆ. ಎಂಟಕ್ಕೆ ಐದು ಕೂಡಿಸಬೇಕು. ಎರಡೂ ಕೈ ಮುಂದೆ ಚಾಚಿ ಬೆರಳು ಮಡಿಸತೊಡಗುತ್ತಾಳೆ. ಹತ್ತು ಬೆರಳು ಮುಗಿದವು. ಇನ್ನೂ ಮೂರು ಬೇಕು. ಕಣ್ಣು ಕಾಲ್ಬೆರಳುಗಳತ್ತ ಹೊರಳುತ್ತದೆ. ಅಷ್ಟರಲ್ಲಿ ಅಪ್ಪನ ದನಿ: ‘ಪುಟ್ಟೀ, ಬೆರಳು ಎಣಿಸಬೇಡ ಅಂತ ಎಷ್ಟು ಸಲ ಹೇಳಿದ್ದೀನಿ? ಮನಸ್ಸಿನಲ್ಲೇ ಮಾಡು.’ ಹುಡುಗಿ ಕೈಗಳನ್ನು ಲಂಗದಡಿ ಬಚ್ಚಿಟ್ಟುಕೊಂಡು ಅಲ್ಲೇ ಗುಟ್ಟಾಗಿ ಬೆರಳು ಮಡಿಸುತ್ತಾಳೆ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ನಮ್ಮಲ್ಲಿ ಬಹುತೇಕ ಮನೆಗಳಲ್ಲಿ ನಡೆಯುವುದು ಇದೇ. ಅಪ್ಪನ ಸಿಟ್ಟಿನ ಹಿಂದೆ ಒಂದು ಹಳೆಯ ನಂಬಿಕೆಯಿದೆ. ವಿದ್ಯೆ ಎಂಬುದು ತಲೆಗೆ ಸೇರಿದ್ದು, ಮೈಯದೇನಿದ್ದರೂ ತಲೆಯನ್ನು ಶಾಲೆಯವರೆಗೆ ಹೊತ್ತು ತರುವ ಕೆಲಸ ಎಂಬ ನಂಬಿಕೆ. ಕೈಯಾಡಿಸುವುದು, ಮುಟ್ಟಿ ನೋಡುವುದು, ಕುಣಿದು ಕಲಿಯುವುದು ಚಿಕ್ಕ ಮಕ್ಕಳಿಗೆ; ಬುದ್ಧಿ ಬೆಳೆದವರಿಗೆ ಪುಸ್ತಕ ಸಾಕು ಎಂದು ನಾವು ತಿಳಿದಿದ್ದೇವೆ.

ಈ ನಂಬಿಕೆ ಎಷ್ಟು ಸರಿ? ಕಳೆದ ಐದಾರು ದಶಕಗಳಲ್ಲಿ ಮನೋವಿಜ್ಞಾನಿಗಳು, ಭಾಷಾವಿಜ್ಞಾನಿಗಳು, ಮಿದುಳಿನ ತಜ್ಞರು ಬೇರೆ ಬೇರೆ ದಾರಿಗಳಲ್ಲಿ ಈ ಪ್ರಶ್ನೆಯನ್ನು ಬೆನ್ನಟ್ಟಿದ್ದಾರೆ. ಅವರಿಗೆ ದೊರೆತ ಉತ್ತರಗಳು ಮಕ್ಕಳನ್ನು ಓದಿಸುವ ತಂದೆತಾಯಿಗಳೂ, ಸ್ವತಃ ಓದುವ ವಿದ್ಯಾರ್ಥಿಗಳೂ ತಿಳಿದಿರಬೇಕಾದವು.

ಮೂರ್ತ, ಅಮೂರ್ತ

ಕಲ್ಲು, ಕೊಡ, ಮಾವಿನಹಣ್ಣು ಇವೆಲ್ಲ ಮೂರ್ತ ವಸ್ತುಗಳು. ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ನ್ಯಾಯ, ಕಾಲ, ಋಣಸಂಖ್ಯೆ, ಪ್ರಜಾಪ್ರಭುತ್ವ ಇವು ಅಮೂರ್ತ. ಯಾರೂ ಇವನ್ನು ಮುಟ್ಟಿಲ್ಲ. ಮಾವಿನಹಣ್ಣು ಎಂದರೇನು ಎಂದು ಕೇಳಿದ ಮಗುವಿಗೆ ಹಣ್ಣನ್ನೇ ಕೊಟ್ಟು ತೋರಿಸಬಹುದು. ‘ನ್ಯಾಯ ಅಂದರೇನಪ್ಪ?’ ಎಂದು ಕೇಳಿದರೆ ಏನನ್ನು ತೋರಿಸುವುದು?

ಆದರೂ ಮಕ್ಕಳು ಇವನ್ನು ಕಲಿಯುತ್ತಾರೆ. ಹೇಗೆ ಕಲಿಯುತ್ತಾರೆ ಎಂಬುದೇ ಇಲ್ಲಿನ ಪ್ರಶ್ನೆ. ಮುಟ್ಟಲಾಗದ ವಿಷಯಗಳನ್ನೂ ಮನುಷ್ಯ ಬಹುಮಟ್ಟಿಗೆ ಮುಟ್ಟಬಹುದಾದವುಗಳ ಮೂಲಕವೇ ಹಿಡಿಯುತ್ತಾನೆ ಎಂಬುದು ಇಂದಿನ ಅನೇಕ ವಿದ್ವಾಂಸರ ಅಭಿಪ್ರಾಯ.

ನಮ್ಮ ಹಿರಿಯರ ಅಳತೆಗಳನ್ನು ನೆನಪಿಸಿಕೊಳ್ಳಿ. ಅಂಗುಲ, ಗೇಣು, ಮೊಳ, ಮಾರು. ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಗೇಣು, ಮೊಣಕೈಯಿಂದ ಬೆರಳ ತುದಿಗೆ ಮೊಳ, ಎರಡೂ ತೋಳು ಚಾಚಿದರೆ ಮಾರು. ಉಪ್ಪಿಗೆ ಚಿಟಿಕೆ, ಅಕ್ಕಿಗೆ ಹಿಡಿ, ನೀರಿಗೆ ಬೊಗಸೆ, ದೂರಕ್ಕೆ ಕೂಗಳತೆ. ‘ಉದ್ದ’ ಎಂಬ ಅಮೂರ್ತ ಕಲ್ಪನೆಯನ್ನು ಅವರು ಮೈಮೇಲೆಯೇ ಹೊತ್ತು ತಿರುಗುತ್ತಿದ್ದರು. ಹೂ ಮಾರುವವರು ಇಂದಿಗೂ ಮೊಳ ಹಾಕುವುದನ್ನು ಬಿಟ್ಟಿಲ್ಲ. ಜಗತ್ತಿನ ಬಹುಪಾಲು ಜನ ಹತ್ತು ಹತ್ತಾಗಿ ಎಣಿಸುವುದಕ್ಕೂ ನಮ್ಮ ಕೈಗಳಿಗೆ ಹತ್ತು ಬೆರಳಿರುವುದೇ ಕಾರಣ.

ನೀರು ಮತ್ತು ಮಣಿಸರ

ಮೂರ್ತದಿಂದ ಅಮೂರ್ತಕ್ಕೆ ಮನಸ್ಸು ಹೇಗೆ ದಾಟುತ್ತದೆ ಎಂಬುದಕ್ಕೆ ಹೆಲೆನ್ ಕೆಲ್ಲರ್ ಬಾಲ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1880ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಹುಟ್ಟಿದ ಹೆಲೆನ್, ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗ ಕಾಯಿಲೆಯಿಂದ ದೃಷ್ಟಿ ಮತ್ತು ಶ್ರವಣ ಎರಡನ್ನೂ ಕಳೆದುಕೊಂಡಳು. ಹೊರಜಗತ್ತನ್ನು ಅರಿಯಲು ಅವಳಿಗೆ ಉಳಿದದ್ದು ಸ್ಪರ್ಶ, ರುಚಿ ಮತ್ತು ವಾಸನೆ.

1887ರ ಮಾರ್ಚಿಯಲ್ಲಿ ಆನ್ ಸಲಿವನ್ ಎಂಬ ಶಿಕ್ಷಕಿ ಮನೆಗೆ ಬಂದರು. ವಸ್ತುಗಳನ್ನು ಹೆಲೆನ್ ಕೈಗಿತ್ತು, ಅವುಗಳ ಹೆಸರನ್ನು ಬೆರಳ ಸಂಜ್ಞೆಗಳಿಂದ ಅವಳ ಅಂಗೈಯಲ್ಲಿ ಮೂಡಿಸುತ್ತಿದ್ದರು. ಹುಡುಗಿ ಆ ಸಂಜ್ಞೆಗಳನ್ನು ಅನುಕರಿಸುತ್ತಿದ್ದಳಷ್ಟೆ. ನಮ್ಮ ಮಕ್ಕಳ ಬಾಯಿಪಾಠದಂತೆಯೇ ಅದು ಕೈಪಾಠ. ಲೋಟಕ್ಕೂ ಅದರೊಳಗಿನ ನೀರಿಗೂ ಹೆಸರು ಬೇರೆ ಎಂಬುದು ಅವಳಿಗೆ ಹತ್ತಲೇ ಇಲ್ಲ. ಏಪ್ರಿಲ್ 5ರಂದು ಸಲಿವನ್ ಅವಳನ್ನು ನೀರಿನ ಪಂಪಿನ ಬಳಿಗೆ ಕರೆದೊಯ್ದರು. ಒಂದು ಕೈಯ ಮೇಲೆ ತಣ್ಣನೆಯ ನೀರು ಸುರಿಯುತ್ತಿದ್ದಾಗ ಇನ್ನೊಂದು ಕೈಯಲ್ಲಿ ‘ನೀರು’ ಎಂಬ ಪದದ ಅಕ್ಷರಗಳನ್ನು ಮತ್ತೆ ಮತ್ತೆ ಮೂಡಿಸಿದರು. ಆಗ ಹುಡುಗಿಗೆ ಗುಟ್ಟು ಬಿಚ್ಚಿಕೊಂಡಿತು: ಈ ಹರಿಯುವ ತಂಪಿಗೆ ಒಂದು ಹೆಸರಿದೆ, ಎಲ್ಲಕ್ಕೂ ಒಂದೊಂದು ಹೆಸರಿದೆ!

ಈ ಕಥೆ ಎಷ್ಟೋ ಪಠ್ಯಪುಸ್ತಕಗಳಲ್ಲಿ ಬಂದಿದೆ. ಆದರೆ 1903ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಹೆಲೆನ್ ಹೇಳುವ ಇನ್ನೊಂದು ಪ್ರಸಂಗ ಅಷ್ಟಾಗಿ ಪ್ರಸಿದ್ಧವಲ್ಲ. ‘ಪ್ರೀತಿ’ ಎಂದರೇನು ಎಂದು ಹುಡುಗಿ ಕೇಳಿದಳು. ಶಿಕ್ಷಕಿ ಎಷ್ಟು ವಿವರಿಸಿದರೂ ತಿಳಿಯಲಿಲ್ಲ. ಮುಟ್ಟಲಾಗದ ವಸ್ತುವಿಗೂ ಹೆಸರಿರಬಹುದೇ? ಹೂವಿನ ಸುವಾಸನೆಯೇ ಪ್ರೀತಿಯೇ, ಬಿಸಿಲಿನ ಬಿಸುಪೇ ಪ್ರೀತಿಯೇ ಎಂದೆಲ್ಲ ಅವಳು ವಿಚಾರಿಸಿದಳು. ಒಂದೆರಡು ದಿನದ ಬಳಿಕ ಅವಳು ಮಣಿ ಪೋಣಿಸುತ್ತ ಕೂತಿದ್ದಳು. ಎರಡು ದೊಡ್ಡ ಮಣಿ, ಮೂರು ಚಿಕ್ಕ ಮಣಿ ಎಂಬ ಕ್ರಮ ಎಲ್ಲೋ ತಪ್ಪಿತು. ಕೈ ನಿಂತಿತು. ಹೇಗೆ ಸರಿಪಡಿಸಲಿ ಎಂದು ಮನಸ್ಸು ಅದರಲ್ಲೇ ನೆಟ್ಟಿತು. ಆಗ ಸಲಿವನ್ ಅವಳ ಹಣೆಯನ್ನು ಮುಟ್ಟಿ, ‘ಯೋಚಿಸು’ ಎಂಬ ಪದವನ್ನು ಕೈಯಲ್ಲಿ ಬರೆದರು. ತಲೆಯೊಳಗೆ ಆ ಗಳಿಗೆಯಲ್ಲಿ ನಡೆಯುತ್ತಿದ್ದುದರ ಹೆಸರೇ ಅದು ಎಂದು ಹೆಲೆನ್‌ಗೆ ಥಟ್ಟನೆ ಹೊಳೆಯಿತು. ಅಮೂರ್ತ ವಿಷಯವೊಂದು ತನಗೆ ತಿಳಿದದ್ದು ಅದೇ ಮೊದಲು ಎಂದು ಅವರು ನೆನೆಯುತ್ತಾರೆ.

ಗಮನಿಸಿ. ಸಲಿವನ್ ‘ಯೋಚನೆ’ಗೆ ವ್ಯಾಖ್ಯೆ ಹೇಳಿ ಉರು ಹೊಡೆಸಲಿಲ್ಲ. ಕೈಯಲ್ಲಿ ಮಣಿ ಇದ್ದಾಗ, ಮನಸ್ಸು ಆ ಕೆಲಸದಲ್ಲಿ ಮುಳುಗಿದ್ದಾಗ, ತಕ್ಕ ಗಳಿಗೆಯಲ್ಲಿ ಹೆಸರು ಕೊಟ್ಟರು. ಮೊದಲು ಅನುಭವ, ಅದರ ಬೆನ್ನಿಗೇ ಮಾತು.

ನಡೆದ ಮರಿ, ಕೂತ ಮರಿ

ಬರೇ ನೋಡಿದರೆ ಸಾಲದೇ, ಮೈಯನ್ನೂ ಆಡಿಸಬೇಕೇ? 1963ರಲ್ಲಿ ಅಮೆರಿಕದ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಬೆಕ್ಕಿನ ಮರಿಗಳ ಮೇಲೆ ನಡೆಸಿದ ಪ್ರಯೋಗ ಈ ಪ್ರಶ್ನೆಗೆ ಸಂಬಂಧಿಸಿದ್ದು. ಹುಟ್ಟಿದಾಗಿನಿಂದ ಕತ್ತಲಲ್ಲಿ ಬೆಳೆಸಿದ ಮರಿಗಳನ್ನು ಜೋಡಿ ಜೋಡಿಯಾಗಿ, ಒಳಗೋಡೆಗೆ ಪಟ್ಟೆ ಬಳಿದ ದುಂಡನೆಯ ಆವರಣದೊಳಗೆ ದಿನಕ್ಕೆ ಕೆಲವು ಗಂಟೆ ಬಿಡುತ್ತಿದ್ದರು. ಜೋಡಿಯಲ್ಲಿ ಒಂದು ಮರಿ ತನ್ನ ಕಾಲಿನಿಂದಲೇ ನಡೆಯುತ್ತಿತ್ತು. ಅದಕ್ಕೆ ಗಾಣದ ಎತ್ತಿಗೆ ಕಟ್ಟಿದಂತೆ ಒಂದು ಅಡ್ಡಗೋಲು. ಅದರ ಇನ್ನೊಂದು ತುದಿಯಲ್ಲಿ ತೂಗುತ್ತಿದ್ದ ತೊಟ್ಟಿಯಲ್ಲಿ ಎರಡನೆಯ ಮರಿ. ಮೊದಲನೆಯದು ನಡೆದಂತೆ ಎರಡನೆಯದು ಕೂತಲ್ಲೇ ಸುತ್ತುತ್ತಿತ್ತು. ಎರಡರ ಕಣ್ಣಿಗೂ ಕಾಣುತ್ತಿದ್ದುದು ಹೆಚ್ಚುಕಡಿಮೆ ಒಂದೇ ನೋಟ.

ಪರೀಕ್ಷೆಯ ಫಲಿತಾಂಶ ಮಾತ್ರ ಒಂದೇ ಆಗಿರಲಿಲ್ಲ. ನಡೆದ ಮರಿ ಆಳವನ್ನು ಕಂಡು ಹಿಂಜರಿಯಿತು, ನೆಲ ಹತ್ತಿರ ಬಂದಾಗ ಮುಂಗಾಲು ಚಾಚಿತು. ಕೂತು ಸವಾರಿ ಮಾಡಿದ ಮರಿಗೆ ಆಳ ಯಾವುದು, ಮಟ್ಟಸ ಯಾವುದು ತಿಳಿಯಲಿಲ್ಲ. ಕಣ್ಣು ಕೆಟ್ಟಿರಲಿಲ್ಲ, ಕಂಡದ್ದನ್ನು ಮೈಯ ಚಲನೆಯೊಡನೆ ಹೊಂದಿಸಿಕೊಳ್ಳುವ ಅವಕಾಶ ಸಿಕ್ಕಿರಲಿಲ್ಲ. ಬೆಳಕಿನಲ್ಲಿ ಓಡಾಡಲು ಬಿಟ್ಟ ಕೆಲವೇ ದಿನಗಳಲ್ಲಿ ಆ ಮರಿಗಳೂ ಸುಧಾರಿಸಿದವು.

ಸುಮಾರು ಅರ್ಧ ಶತಮಾನದ ನಂತರ ಇದೇ ಹೆಲ್ಡ್ ಅವರ ಹೆಸರು ಭಾರತದ ಮಕ್ಕಳ ಕುರಿತ ಇನ್ನೊಂದು ಅಧ್ಯಯನದಲ್ಲಿ ಕಾಣಿಸಿಕೊಂಡಿತು. ಅದರ ಹಿಂದೆ ಮುನ್ನೂರು ವರ್ಷಗಳ ಹಳೆಯ ಒಗಟೊಂದಿದೆ. ಐರ್ಲೆಂಡಿನ ವಿಲಿಯಂ ಮಾಲಿನ್ಯೂ 1688ರಲ್ಲಿ ತತ್ವಜ್ಞಾನಿ ಜಾನ್ ಲಾಕ್‌ಗೆ ಪತ್ರ ಬರೆದು ಒಂದು ಪ್ರಶ್ನೆ ಮುಂದಿಟ್ಟಿದ್ದ. ಹುಟ್ಟುಕುರುಡನೊಬ್ಬ ಗೋಲ ಯಾವುದು, ಘನ ಯಾವುದು ಎಂದು ಮುಟ್ಟಿ ಬಲ್ಲ. ಅವನಿಗೆ ಥಟ್ಟನೆ ದೃಷ್ಟಿ ಬಂದರೆ, ಮುಟ್ಟದೆ ನೋಡಿಯೇ ಅವೆರಡನ್ನು ಗುರುತಿಸಬಲ್ಲನೇ?

ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಪವನ್ ಸಿನ್ಹಾ, ಹುಟ್ಟಿನಿಂದ ದೃಷ್ಟಿಯಿಲ್ಲದ ಭಾರತದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವ ‘ಪ್ರಾಜೆಕ್ಟ್ ಪ್ರಕಾಶ್’ ಎಂಬ ಯೋಜನೆಯನ್ನು ಆರಂಭಿಸಿದ್ದರು. ಹೀಗೆ ದೃಷ್ಟಿ ಪಡೆದ 8ರಿಂದ 17 ವರ್ಷದೊಳಗಿನ ಐವರ ಮೇಲೆ ನಡೆದ ಪರೀಕ್ಷೆಯ ವಿವರ 2011ರಲ್ಲಿ ಪ್ರಕಟವಾಯಿತು. ಮುಟ್ಟಿದ ಆಕಾರವನ್ನು ಮತ್ತೆ ಮುಟ್ಟಿ ಗುರುತಿಸುವುದು ಅವರಿಗೆ ಸುಲಭ. ನೋಡಿದ್ದನ್ನು ಮತ್ತೆ ನೋಡಿ ಗುರುತಿಸುವುದೂ ಸಾಧ್ಯ. ಆದರೆ ಮುಟ್ಟಿದ್ದನ್ನು ನೋಡಿ ಗುರುತಿಸಲು ಹೇಳಿದಾಗ ಅವರ ಉತ್ತರ ಹೆಚ್ಚುಕಡಿಮೆ ಊಹೆಯಂತಿತ್ತು. ಕಣ್ಣಿನ ಜ್ಞಾನ ಮತ್ತು ಕೈಯ ಜ್ಞಾನ ತಾವಾಗಿಯೇ ಕೂಡಿಕೊಂಡಿರಲಿಲ್ಲ. ಸಂತೋಷದ ಮಾತೆಂದರೆ, ನೋಡುತ್ತ ಮುಟ್ಟುತ್ತ ಓಡಾಡಿದ ಕೆಲವೇ ದಿನಗಳಲ್ಲಿ ಅದು ಬಹಳಷ್ಟು ಸುಧಾರಿಸಿತು. ‘ದುಂಡು’ ಎಂಬ ಸರಳ ಮೂರ್ತ ಕಲ್ಪನೆಯೂ ಅನುಭವದಿಂದ ಕೂಡಿ ಬರಬೇಕು ಎಂದಾಯಿತು.

ನುಡಿಯಲ್ಲಿ ಅಡಗಿದ ಮೈ

ಇನ್ನು ಅಮೂರ್ತದ ಮಾತು. 1980ರಲ್ಲಿ ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ಮತ್ತು ತತ್ವಶಾಸ್ತ್ರಜ್ಞ ಮಾರ್ಕ್ ಜಾನ್ಸನ್ ಸೇರಿ ರೂಪಕಗಳ ಬಗ್ಗೆ ಒಂದು ಪುಸ್ತಕ ಬರೆದರು. ರೂಪಕ ಕವಿಗಳ ಸೊತ್ತಲ್ಲ, ದಿನನಿತ್ಯದ ಯೋಚನೆಯೇ ರೂಪಕಗಳ ಮೇಲೆ ನಿಂತಿದೆ, ಆ ರೂಪಕಗಳಲ್ಲಿ ಹೆಚ್ಚಿನವು ಮೈಯ ಅನುಭವದಿಂದ ಹುಟ್ಟಿದವು ಎಂಬುದು ಅವರ ವಾದ.

ಅವರ ಉದಾಹರಣೆಗಳು ಇಂಗ್ಲಿಷಿನವು. ನಾವು ಕನ್ನಡದಲ್ಲೇ ನೋಡೋಣ. ಬೆಲೆ ‘ಏರುತ್ತದೆ’, ‘ಇಳಿಯುತ್ತದೆ’. ಯಾಕೆ? ಪಾತ್ರೆಗೆ ನೀರು ಸುರಿದಂತೆ ಮಟ್ಟ ಏರುವುದನ್ನು, ರಾಶಿ ಹಾಕಿದಂತೆ ಎತ್ತರ ಬೆಳೆಯುವುದನ್ನು ನಾವು ಹುಟ್ಟಿದಂದಿನಿಂದ ಕಂಡಿದ್ದೇವೆ. ಮನಸ್ಸು ‘ಭಾರ’ವಾಗುತ್ತದೆ, ‘ಹಗುರ’ವಾಗುತ್ತದೆ. ಸತ್ಯ ‘ಕಹಿ’, ಅದನ್ನು ‘ಅರಗಿಸಿಕೊಳ್ಳುವುದು’ ಕಷ್ಟ. ಮತ್ಸರವೆಂದರೆ ‘ಹೊಟ್ಟೆಕಿಚ್ಚು’, ಧೈರ್ಯವೆಂದರೆ ‘ಎದೆಗಾರಿಕೆ’. ಕೆಲಸ ‘ಕೈಗೂಡುತ್ತದೆ’, ನಂಬಿದವರು ‘ಕೈಕೊಡುತ್ತಾರೆ’.

ಕಲಿಕೆಗೆ ಸಂಬಂಧಿಸಿದ ಮಾತುಗಳಂತೂ ಇನ್ನೂ ಸ್ವಾರಸ್ಯ. ‘ಗ್ರಹಿಸು’ ಎಂದರೆ ಮೂಲದಲ್ಲಿ ಹಿಡಿದುಕೊಳ್ಳುವುದು. ಪಾಠ ತಲೆಗೆ ‘ಹತ್ತುತ್ತದೆ’, ಅರ್ಥ ‘ಹೊಳೆಯುತ್ತದೆ’. ‘ತಿಳಿ’ ಎಂಬ ನಮ್ಮ ಪುಟ್ಟ ಪದವನ್ನೇ ನೋಡಿ. ಕದಡಿದ ನೀರು ನಿಂತು ಬಗ್ಗಡ ತಳಕ್ಕಿಳಿದರೆ ನೀರು ತಿಳಿಯಾಯಿತು ಎನ್ನುತ್ತೇವೆ. ಗೊಂದಲ ಕಳೆದು ವಿಷಯ ಅರಿವಾದರೂ ತಿಳಿಯಿತು ಎನ್ನುತ್ತೇವೆ.

ಕಾಲದ ವಿಚಾರಕ್ಕೆ ಬನ್ನಿ. ಕಾಲವನ್ನು ಯಾರೂ ಕಂಡಿಲ್ಲ. ಆದರೂ ‘ಹಿಂದಿನ ವರ್ಷ’, ‘ಮುಂದಿನ ವರ್ಷ’ ಎನ್ನುತ್ತೇವೆ. ದಾರಿಯಲ್ಲಿ ನಡೆಯುವವನಿಗೆ ದಾಟಿದ ಊರು ಬೆನ್ನ ಹಿಂದೆ, ಸೇರಬೇಕಾದ ಊರು ಕಣ್ಣ ಮುಂದೆ. ಅದೇ ನಡಿಗೆಯನ್ನು ಕಾಲಕ್ಕೂ ಹೊಂದಿಸಿದ್ದೇವೆ. ಹಾಗೆಂದು ಎಲ್ಲ ಜನರೂ ಹೀಗೇ ಹೊಂದಿಸಬೇಕೆಂದಿಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ವಾಸಿಸುವ ಐಮಾರಾ ಜನರ ಭಾಷೆಯಲ್ಲಿ ‘ನೈರಾ’ ಎಂದರೆ ಕಣ್ಣು, ಮುಂಭಾಗ. ಅದೇ ಪದ ಕಳೆದುಹೋದ ಕಾಲಕ್ಕೂ ಸಲ್ಲುತ್ತದೆ. ಬೆನ್ನಿನ ಕಡೆಯನ್ನು ಸೂಚಿಸುವ ಪದ ಬರಲಿರುವ ಕಾಲಕ್ಕೆ. 2006ರಲ್ಲಿ ರಫೇಲ್ ನೂನ್ಯೆಸ್ ಮತ್ತು ಈವ್ ಸ್ವೀಟ್ಸರ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಹಿರಿಯರು ಹಳೆಯ ಕಾಲದ ಮಾತು ಬಂದಾಗ ಕೈಯನ್ನು ಮುಂದಕ್ಕೆ ತೋರಿಸುತ್ತಾರೆ. ಅದೂ ನ್ಯಾಯವೇ. ಆಗಿಹೋದದ್ದನ್ನು ಕಂಡಿದ್ದೇವೆ, ಆದ್ದರಿಂದ ಅದು ಕಣ್ಣ ಮುಂದಿದೆ. ನಾಳೆಯನ್ನು ಕಂಡವರಾರು? ಅದು ಬೆನ್ನ ಹಿಂದೆ. ಎರಡೂ ಕಡೆ ಆಧಾರ ಮನುಷ್ಯನ ಮೈಯೇ. ಅದನ್ನು ಬಳಸಿದ ಬಗೆ ಬೇರೆ.

ಮಿದುಳಿನ ನಕ್ಷೆ

ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಾಗಿಯೇ ಇದ್ದ ರೋಗಿಗಳ ಮಿದುಳಿನ ಮೇಲ್ಮೈಯನ್ನು ಸೌಮ್ಯ ವಿದ್ಯುತ್ತಿನಿಂದ ತಟ್ಟಿ, ದೇಹದ ಯಾವ ಭಾಗಕ್ಕೆ ಮಿದುಳಿನಲ್ಲಿ ಎಷ್ಟು ಜಾಗವಿದೆ ಎಂಬುದರ ನಕ್ಷೆಯನ್ನು 1937ರಲ್ಲಿ ಪ್ರಕಟಿಸಿದರು. ಅದರಲ್ಲಿ ಇಡೀ ಬೆನ್ನಿಗಿಂತ ಕೈ, ಬೆರಳು, ತುಟಿ, ನಾಲಗೆಗಳಿಗೇ ಹೆಚ್ಚು ಜಾಗ.

ಈ ನಕ್ಷೆಗೂ ಪದಗಳ ಅರ್ಥಕ್ಕೂ ನಂಟಿದೆಯೇ? 2004ರಲ್ಲಿ ಓಲಾಫ್ ಹೌಕ್ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿದರು. ಜನ ಸ್ಕ್ಯಾನರ್ ಯಂತ್ರದೊಳಗೆ ಅಲುಗಾಡದೆ ಮಲಗಿ ಕ್ರಿಯಾಪದಗಳನ್ನು ಓದಿದರು. ಕನ್ನಡದಲ್ಲಿ ಹೇಳುವುದಾದರೆ ನೆಕ್ಕು, ಹೆಕ್ಕು, ಒದೆ ಎಂಬಂಥ ಪದಗಳು. ಬಾಯಿಗೆ ಸಂಬಂಧಿಸಿದ ಪದ ಓದಿದಾಗ ಒಂದು ಕಡೆ, ಕೈಗೆ ಸಂಬಂಧಿಸಿದ ಪದಕ್ಕೆ ಇನ್ನೊಂದು ಕಡೆ, ಕಾಲಿನ ಪದಕ್ಕೆ ಮತ್ತೊಂದು ಕಡೆ ಮಿದುಳು ಚುರುಕಾಯಿತು. ಆ ಜಾಗಗಳು ಆಯಾ ಅಂಗಗಳನ್ನು ಆಡಿಸುವ ಜಾಗಗಳ ಮೇಲೆ ಅಥವಾ ಪಕ್ಕದಲ್ಲೇ ಇದ್ದವು. ಓದುವಾಗಲೂ ಮೈ ಪೂರ್ತಿ ಸುಮ್ಮನಿರುವುದಿಲ್ಲ!

ಗಣಿತಕ್ಕೂ ಮೈಯಿದೆ

ಎಲ್ಲಕ್ಕಿಂತ ಅಮೂರ್ತವಾದ ವಿಷಯ ಗಣಿತ. ಅದರ ಪರಿಭಾಷೆಯಲ್ಲೂ ಮೈ ಇಣುಕುತ್ತದೆ. ತ್ರಿಭುಜವೆಂದರೆ ಮೂರು ಭುಜಗಳುಳ್ಳದ್ದು. ಬಾಹು ಎಂದರೆ ತೋಳು. ತ್ರಿಭುಜಕ್ಕೆ ಪಾದವಿದೆ. ಲಂಬಕೋನ ತ್ರಿಭುಜದ ಕರ್ಣಕ್ಕೂ ಕಿವಿಗೂ ಸಂಸ್ಕೃತದಲ್ಲಿ ಒಂದೇ ಪದ. ಸೊನ್ನೆಗಿಂತ ಕಡಿಮೆಯಾದ ಸಂಖ್ಯೆಗಳಿಗೆ ನಿಯಮ ಬರೆದ ಬ್ರಹ್ಮಗುಪ್ತ, ಕ್ರಿ.ಶ. 628ರಷ್ಟು ಹಿಂದೆಯೇ ಅವನ್ನು ‘ಋಣ’ ಎಂದು, ಉಳಿದವನ್ನು ‘ಧನ’ ಎಂದು ಕರೆದ. ಕೈಯಲ್ಲಿರುವ ಹಣ, ತೀರಿಸಬೇಕಾದ ಸಾಲ. ಯಾರಿಗೆ ಅರ್ಥವಾಗದು? ಇಂದಿಗೂ ನಮ್ಮ ಮಕ್ಕಳು ಓದುವುದು ಅದೇ ಪದಗಳನ್ನು. ಆದರೆ ಅವುಗಳ ಹಿಂದಿನ ಸಾಲದ ಕಥೆಯನ್ನು ಅವರಿಗೆ ಹೇಳುವವರು ಕಡಿಮೆ.

ಈಗ ಆ ಪುಟ್ಟಿಯ ಬೆರಳುಗಳಿಗೆ ಮರಳೋಣ. ಕ್ಯಾಥರೀನ್ ತೆವೆನೊ ಮತ್ತು ಸಂಗಡಿಗರು ಐದಾರು ವರ್ಷದ ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಬೆರಳು ಬಳಸದೆ ಕೂಡುತ್ತಿದ್ದ ಮಕ್ಕಳಿಗೆ ಬೆರಳು ಬಳಸುವುದನ್ನು ಕಲಿಸಿದಾಗ ಸರಿಯುತ್ತರಗಳ ಪ್ರಮಾಣ ಶೇಕಡಾ 37ರಿಂದ 77ಕ್ಕೆ ಏರಿತು. ಬೆರಳೆಣಿಕೆ ದಡ್ಡತನದ ಗುರುತಲ್ಲ. ಆ ವಯಸ್ಸಿನಲ್ಲಿ ಅದು ಜಾಣ ಉಪಾಯ. ಬಳಸುತ್ತ ಬಳಸುತ್ತ ಲೆಕ್ಕ ಮನಸ್ಸಿಗಿಳಿದ ಮೇಲೆ ಬೆರಳು ತಾನಾಗಿ ಹಿಂದೆ ಸರಿಯುತ್ತದೆ.

ಅಕ್ಷರದ ವಿಷಯವೂ ಹಾಗೆಯೇ. ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ 2012ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ, ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳು ಅಕ್ಷರಗಳನ್ನು ಮೂರು ರೀತಿಯಲ್ಲಿ ಕಲಿತರು: ಕೀಲಿ ಒತ್ತಿ, ಚುಕ್ಕೆಗಳ ಮೇಲೆ ತಿದ್ದಿ, ತಾವೇ ಬರೆದು. ಓದಿಗೆ ಬೇಕಾದ ಮಿದುಳಿನ ಭಾಗಗಳು ಚುರುಕಾದದ್ದು ತಾವೇ ಬರೆದು ಕಲಿತ ಅಕ್ಷರಗಳನ್ನು ನೋಡಿದಾಗ. ಅಂದಮೇಲೆ ಅ, ಆ ತಿದ್ದಿಸುವಲ್ಲಿಗೇ ನಿಲ್ಲಬಾರದು. ಮಗು ಸ್ಲೇಟಿನ ಮೇಲೋ ಮರಳಿನ ಮೇಲೋ ಸೊಟ್ಟಪಟ್ಟಗಾದರೂ ತಾನೇ ಬರೆಯಲಿ.

ದೊಡ್ಡ ವಿದ್ಯಾರ್ಥಿಗಳಿಗೂ ಇದು ಅನ್ವಯಿಸುತ್ತದೆ. 2015ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಭೌತಶಾಸ್ತ್ರ ಕಲಿಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳನ್ನು ಜೋಡಿ ಮಾಡಿದರು. ಒಬ್ಬರು ತಿರುಗುವ ಸೈಕಲ್ ಚಕ್ರದ ಅಚ್ಚನ್ನು ಕೈಯಲ್ಲಿ ಹಿಡಿದು ವಾಲಿಸಿ ಅದರ ಪ್ರತಿರೋಧವನ್ನು ಅನುಭವಿಸಿದರು, ಇನ್ನೊಬ್ಬರು ನೋಡುತ್ತ ನಿಂತರು. ಆನಂತರದ ಕಿರುಪರೀಕ್ಷೆಯಲ್ಲಿ ಹಿಡಿದವರು ನೋಡಿದವರಿಗಿಂತ ಚೆನ್ನಾಗಿ ಉತ್ತರಿಸಿದರು. ನಡೆದ ಮರಿ, ಕೂತ ಮರಿಯ ಕಥೆಯೇ ಮತ್ತೆ!

ಆದರೆ ಅತಿಯಾಗಬಾರದು

ಇಷ್ಟು ಓದಿ, ಮೈಯೇ ಎಲ್ಲ ಎಂದು ತೀರ್ಮಾನಿಸಬೇಡಿ. ಈ ಕ್ಷೇತ್ರದಲ್ಲಿ ಅವಸರದ ಮಾತುಗಳೂ ಬಂದುಹೋಗಿವೆ. ಬಿಸಿ ಕಾಫಿಯ ಲೋಟ ಹಿಡಿದವರು ಎದುರಿನವರನ್ನು ‘ಬೆಚ್ಚನೆಯ’ ಸ್ವಭಾವದವರೆಂದು ಭಾವಿಸುತ್ತಾರೆ ಎಂಬ ಸಂಶೋಧನೆ 2008ರಲ್ಲಿ ಬಹಳ ಸುದ್ದಿ ಮಾಡಿತು. ಮುಂದೆ ಹೆಚ್ಚಿನ ಸಂಖ್ಯೆಯ ಜನರ ಮೇಲೆ ಮರುಪರೀಕ್ಷೆ ನಡೆಸಿದಾಗ ಆ ಪರಿಣಾಮ ಕಾಣಿಸಲಿಲ್ಲ. ಪದ ಓದಿದಾಗ ಮಿದುಳಿನ ಚಲನೆಯ ಭಾಗ ಚುರುಕಾಗುತ್ತದೆ ಎಂದ ಮಾತ್ರಕ್ಕೆ ಅರ್ಥವೆಲ್ಲ ಅಲ್ಲೇ ಇದೆ ಎಂದೂ ಆಗುವುದಿಲ್ಲ.

ಭಾಷೆಯ ಶಕ್ತಿಯೂ ಕಡಿಮೆಯದಲ್ಲ. 1985ರಲ್ಲಿ ಬಾರ್ಬರಾ ಲ್ಯಾಂಡೌ ಮತ್ತು ಲೀಲಾ ಗ್ಲೈಟ್‌ಮನ್, ಹುಟ್ಟಿನಿಂದ ದೃಷ್ಟಿಯಿಲ್ಲದ ಪುಟ್ಟ ಮಗುವೊಂದು ‘ನೋಡು’ ಎಂಬ ಪದವನ್ನು ಹೇಗೆ ಅರ್ಥಮಾಡಿಕೊಂಡಿತ್ತು ಎಂಬುದನ್ನು ಬರೆದರು. ‘ಮೇಲೆ ನೋಡು’ ಎಂದರೆ ಆ ಮಗು ತಲೆಯೆತ್ತಲಿಲ್ಲ, ಕೈಗಳನ್ನು ಮೇಲೆತ್ತಿತು. ‘ಮುಟ್ಟು, ಆದರೆ ನೋಡಬೇಡ’ ಎಂದರೆ ವಸ್ತುವನ್ನು ಸುಮ್ಮನೆ ತಟ್ಟಿತು. ‘ಈಗ ನೋಡು’ ಎಂದಾಗ ಕೈಯಾಡಿಸಿ ಅದರ ಮೂಲೆಮೂಲೆಯನ್ನೂ ತಡವಿತು. ತನ್ನ ಮೈಗೆ ದಕ್ಕಿದ ದಾರಿಯಲ್ಲೇ ಅದು ‘ನೋಟ’ವನ್ನು ಅರಿತಿತ್ತು. ಜೊತೆಗೆ, ಕಣ್ಣಿದ್ದವರ ನೋಟ ತನ್ನದಕ್ಕಿಂತ ಬೇರೆ ಎಂಬುದನ್ನೂ ಮಾತಿನಿಂದಲೇ ಕಲಿಯತೊಡಗಿತ್ತು. ಒಂದು ಇಂದ್ರಿಯವಿಲ್ಲದ ಮಾತ್ರಕ್ಕೆ ಯಾರ ತಿಳಿವಳಿಕೆಯೂ ಬಡವಾಗಬೇಕಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು.

ಇನ್ನೊಂದು ಎಚ್ಚರಿಕೆ. ವಸ್ತು ಕೊಟ್ಟ ಮಾತ್ರಕ್ಕೆ ಪಾಠ ಬರುವುದಿಲ್ಲ. ಹುಣಸೆಬೀಜದಲ್ಲಿ ಲೆಕ್ಕ ಕಲಿತ ಮಗು ಹುಣಸೆಬೀಜಕ್ಕೇ ಅಂಟಿಕೊಂಡರೆ ಪ್ರಯೋಜನವಿಲ್ಲ. ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬರಿಯ ಚಿಹ್ನೆಗಳಿಂದ ನಿಯಮ ಕಲಿತವರು ಅದನ್ನು ಹೊಸ ಸಂದರ್ಭಕ್ಕೆ ಹೆಚ್ಚು ಚೆನ್ನಾಗಿ ಅನ್ವಯಿಸಿದರು. ವಸ್ತುವಿನಿಂದ ಹೊರಟು ಚಿಹ್ನೆಗೆ ತಲುಪಬೇಕು, ಅಲ್ಲೇ ನಿಲ್ಲಬಾರದು. ಮನೋವಿಜ್ಞಾನಿ ಜೆರೋಮ್ ಬ್ರೂನರ್ 1966ರಲ್ಲೇ ಮೂರು ಮೆಟ್ಟಿಲುಗಳನ್ನು ಹೇಳಿದ್ದರು: ಮಾಡಿ ಅರಿಯುವುದು, ಚಿತ್ರವಾಗಿ ಕಾಣುವುದು, ಚಿಹ್ನೆಯಲ್ಲಿ ಹೇಳುವುದು.

ಮನೆಯಲ್ಲೇ ಮಾಡಬಹುದಾದದ್ದು

ಇದಕ್ಕೆಲ್ಲ ದುಬಾರಿ ಸಲಕರಣೆ ಬೇಕಿಲ್ಲ. ‘ಐದರಿಂದ ಋಣ ಮೂರನ್ನು ಕಳೆದರೆ ಎಂಟು ಹೇಗೆ?’ ಎಂದು ಕೇಳುವ ಆರು, ಏಳನೇ ತರಗತಿಯ ಮಕ್ಕಳಿದ್ದಾರೆ. ಜಗಲಿಯ ಮೇಲೆ ಸೀಮೆಸುಣ್ಣದಿಂದ ಉದ್ದಕ್ಕೂ ಮನೆಗಳನ್ನು ಬರೆಯಿರಿ, ಕುಂಟೆಬಿಲ್ಲೆಗೆ ಬರೆದ ಹಾಗೆ. ನಡುವೆ ಸೊನ್ನೆ, ಬಲಕ್ಕೆ ಧನ, ಎಡಕ್ಕೆ ಋಣ. ನಿಯಮ ಎರಡೇ. ಮುಂದಿನ ಸಂಖ್ಯೆ ಧನವಾದರೆ ಮುಖ ಬಲಕ್ಕೆ, ಋಣವಾದರೆ ಎಡಕ್ಕೆ. ಕೂಡು ಎಂದರೆ ಮುಂದೆ ಹೆಜ್ಜೆ, ಕಳೆ ಎಂದರೆ ಹಿಂದೆ ಹೆಜ್ಜೆ. ಈಗ ಮಗು ಐದರ ಮೇಲೆ ನಿಲ್ಲಲಿ. ಋಣ ಮೂರು, ಆದ್ದರಿಂದ ಎಡಕ್ಕೆ ತಿರುಗಲಿ. ಕಳೆಯಬೇಕು, ಆದ್ದರಿಂದ ಹಿಂದಕ್ಕೆ ಮೂರು ಹೆಜ್ಜೆ ಇಡಲಿ. ನಿಂತದ್ದು ಎಂಟರ ಮೇಲೆ! ಎರಡು ದಿನ ಹೀಗೆ ನಡೆದಾಡಿದ ಮೇಲೆ ಅದೇ ಲೆಕ್ಕವನ್ನು ಕಾಗದದ ಮೇಲೆ ಗೆರೆ ಎಳೆದು ಮಾಡಲಿ. ಆಮೇಲೆ ಗೆರೆಯೂ ಬೇಡ. ಬ್ರೂನರ್ ಹೇಳಿದ ಮೂರು ಮೆಟ್ಟಿಲು ಇವೇ.

ಭಿನ್ನರಾಶಿಗೆ ಚಪಾತಿ ಸಾಕು. ಟಾರ್ಕ್ ಎಂದರೇನೆಂದು ಪುಸ್ತಕ ತೆರೆಯುವ ಮುನ್ನ ಬಾಗಿಲನ್ನು ಹಿಡಿಯ ಬಳಿ ಒಮ್ಮೆ, ಕೀಲಿನ ಬಳಿ ಒಮ್ಮೆ ತಳ್ಳಿ ನೋಡಲಿ. ಅಜ್ಜಿಯ ಊರಲ್ಲಿ ಬಾವಿಯಿದ್ದರೆ ಮಗು ಒಂದು ಕೊಡ ನೀರು ಸೇದಲಿ. ನೀರೊಳಗಿರುವ ತನಕ ಹಗುರವಾಗಿದ್ದ ಕೊಡ, ನೀರಿನಿಂದ ಮೇಲೆದ್ದೊಡನೆ ತೋಳು ಜಗ್ಗುವಷ್ಟು ಭಾರವಾಗುತ್ತದೆ. ಆರ್ಕಿಮಿಡೀಸನ ನಿಯಮವನ್ನು ತೋಳಿನಿಂದ ಅರಿತವರು ಪರೀಕ್ಷೆಯಲ್ಲಿ ಅದನ್ನು ಮರೆಯಲಾರರು. ಚೌಕಾಬಾರ, ಅಳಗುಳಿಮಣೆ ಆಡುವ ಮಗು ಕಾಲ ಕಳೆಯುತ್ತಿಲ್ಲ, ಎಣಿಸುತ್ತ ಹಂಚುತ್ತ ಮುಂದಾಲೋಚನೆ ಕಲಿಯುತ್ತಿದೆ.

ಇವು ನಮಗೆ ಹೊಸ ಮಾತುಗಳೂ ಅಲ್ಲ. 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣ ಎಂಬ ವಿಚಾರವನ್ನು ದೇಶದ ಮುಂದಿಟ್ಟರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ ಮರಿಯಾ ಮಾಂಟೆಸರಿ, ಉಪ್ಪುಕಾಗದದ ಅಕ್ಷರಗಳನ್ನು ಬೆರಳಿನಿಂದ ಸವರಿಸಿ, ಮಣಿಗಳಿಂದ ಎಣಿಕೆ ಹೇಳಿಕೊಡುವ ತಮ್ಮ ಕ್ರಮವನ್ನು ಇಲ್ಲಿನ ಶಿಕ್ಷಕರಿಗೆ ಕಲಿಸಿದರು. ಅವರು ಹೇಳಿದ್ದನ್ನು ನಾವು ಅಂಕಗಳ ಅವಸರದಲ್ಲಿ ಮರೆತೆವು ಅಷ್ಟೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ವ್ಯಾಖ್ಯೆಯೊಂದು ಬಾಯಿಗೆ ಬಂದರೂ ತಲೆಗೆ ಹತ್ತದಿದ್ದರೆ ನಿಮ್ಮನ್ನು ನೀವು ದಡ್ಡರೆಂದು ಹಳಿದುಕೊಳ್ಳಬೇಡಿ. ಆ ವಿಷಯದಲ್ಲಿ ಎತ್ತಬಹುದಾದದ್ದು, ತಳ್ಳಬಹುದಾದದ್ದು, ಅಳೆಯಬಹುದಾದದ್ದು, ಮಡಿಸಬಹುದಾದದ್ದು ಏನಾದರೂ ಇದೆಯೇ ಎಂದು ಹುಡುಕಿ. ಆಮೇಲೆ ಮತ್ತೆ ಪುಸ್ತಕ ತೆರೆಯಿರಿ.

ಇನ್ನು ಆ ಅಪ್ಪನಿಗೆ ಹೇಳುವುದಿಷ್ಟೆ. ನಾಳೆ ಸಂಜೆ ಪುಟ್ಟಿ ಲೆಕ್ಕಕ್ಕೆ ಕೂತಾಗ ಗದರಬೇಡಿ. ಅವಳ ಹತ್ತು ಬೆರಳು ಮುಗಿದು ಇನ್ನೂ ಮೂರು ಬೇಕಾದಾಗ, ನಿಮ್ಮ ಕೈಯನ್ನೂ ಅವಳ ಮುಂದೆ ಚಾಚಿ. ಹತ್ತರ ಆಚೆಗೆ ಮೂರು ಎಂದರೆ ಹದಿಮೂರು ಎಂಬುದು ಅಲ್ಲೇ ಅವಳಿಗೆ ಕಂಡೀತು.